ಚಿಪ್ ಸಹಾಯಧನ: ಷರತ್ತುಗಳನ್ನು ಓದುವುದು ಹೇಗೆ?

2022ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರವು ಚಿಪ್ ತಯಾರಿಕೆಗೆ ಮುಂದಾಗಿದ್ದ ಐಎಸ್‌ಎಂಸಿ ಸಂಸ್ಥೆಯೊಡನೆ 22,900 ಕೋಟಿ ರೂಪಾಯಿಗಳ ಒಡಂಬಡಿಕೆಗೆ ಸಹಿ ಹಾಕಿದಾಗ, ಮೈಸೂರಿಗೆ ಚಿಪ್ ಕಾರ್ಖಾನೆ ಬಂದೇಬಿಟ್ಟಿತೆಂಬ ಭರವಸೆ ಮೂಡಿತ್ತು. ಆದರೆ ರಾಜ್ಯದ ಒಡಂಬಡಿಕೆ ಬೇರೆ, ಕೇಂದ್ರದ ಮಂಜೂರಾತಿ ಬೇರೆ. ಆ ಯೋಜನೆ ಕೈಗೂಡಲಿಲ್ಲ. ಮೈಸೂರಿನ ಹೆಬ್ಬಾಳ, ಹೂಟಗಳ್ಳಿಗಳಲ್ಲಿ ಚಿಪ್ ವಿನ್ಯಾಸದ ಉದ್ಯಮ ಆರಂಭಿಸಬೇಕೆಂದಿರುವವರು ಘೋಷಣೆಯ ಮೊತ್ತಕ್ಕಿಂತ ಮೊದಲು ಕೇಂದ್ರದ ಸಹಾಯಧನ ಮಾರ್ಗಸೂಚಿಯ ಷರತ್ತುಗಳನ್ನು ಓದಬೇಕು.

ಮೊದಲು ನೋಡಬೇಕಾದದ್ದು ಹಣದ ಮಿತಿ ಮತ್ತು ಅದು ಕೈಸೇರುವ ಹೊತ್ತು. ಕೇಂದ್ರವು 2021ರ ಡಿಸೆಂಬರ್‌ನಲ್ಲಿ 76,000 ಕೋಟಿ ರೂಪಾಯಿಗಳ ಸೆಮಿಕಂಡಕ್ಟರ್ ಕಾರ್ಯಕ್ರಮದ ಭಾಗವಾಗಿ ಪ್ರಕಟಿಸಿದ ಡಿಎಲ್‌ಐ (ಚಿಪ್ ವಿನ್ಯಾಸಕ್ಕೆ ಪ್ರೋತ್ಸಾಹಧನ ಕೊಡುವ) ಯೋಜನೆಯಲ್ಲಿ, ವಿನ್ಯಾಸದ ಅರ್ಹ ವೆಚ್ಚದ ಶೇ. 50ರಷ್ಟನ್ನು, ಒಂದು ಅರ್ಜಿಗೆ ಗರಿಷ್ಠ 15 ಕೋಟಿ ರೂಪಾಯಿಗಳವರೆಗೆ, ಮರುಪಾವತಿಸಲಾಗುತ್ತದೆ. ಅರ್ಹ ವೆಚ್ಚ 40 ಕೋಟಿಯಾದರೂ ಸಿಗುವುದು 15 ಕೋಟಿಯೇ, ಅದೂ ಖರ್ಚಾದ ಮೇಲೆ. ಆದ್ದರಿಂದ ಬ್ಯಾಂಕಿಗೆ ಕೊಡುವ ನಗದು ಹರಿವಿನ ಪಟ್ಟಿಯಲ್ಲಿ ಇದನ್ನು ತಡವಾಗಿ ಬರುವ ಬಾಬ್ತೆಂದು ತೋರಿಸಿ, ನಡುವಿನ ಬಡ್ಡಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಾರಾಟಕ್ಕೆ ಸಂಬಂಧಿಸಿದ ಪ್ರೋತ್ಸಾಹಧನವು ನಿವ್ವಳ ವಹಿವಾಟಿನ ಶೇ. 6ರಿಂದ 4ರಷ್ಟಿದ್ದು, ಐದು ವರ್ಷಗಳ ಕಾಲ, 30 ಕೋಟಿಯ ಮಿತಿಯೊಳಗೆ ದೊರೆಯುತ್ತದೆ.

ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಎಚ್ಚರಿಕೆಯಿಂದ ಓದಬೇಕಾದದ್ದು ಒಡೆತನದ ಷರತ್ತು. ಕಂಪನಿಯ ಅರ್ಧಕ್ಕಿಂತ ಹೆಚ್ಚು ಬಂಡವಾಳ ಭಾರತದಲ್ಲಿ ನೆಲೆಸಿರುವ ಪ್ರಜೆಗಳದ್ದೋ, ಅವರ ಹಿಡಿತದಲ್ಲಿರುವ ಕಂಪನಿಗಳದ್ದೋ ಆಗಿರಬೇಕು. ಪ್ರೋತ್ಸಾಹಧನ ಪಡೆದ ಮೇಲೂ ಮೂರು ವರ್ಷ ಹಾಗೆಯೇ ಉಳಿಯಬೇಕು. ಸ್ಥಾಪಕರ ಪಾಲು ಇಂದು ಶೇ. 70 ಇದ್ದು, ಹೂಡಿಕೆಯ ಮುಂದಿನ ಎರಡು ಸುತ್ತುಗಳಲ್ಲಿ ವಿದೇಶಿ ನಿಧಿಗಳಿಗೆ ಹೊಸ ಷೇರು ಕೊಟ್ಟರೆ, ಅದು ಶೇ. 50ಕ್ಕಿಂತ ಕೆಳಗಿಳಿಯಲು ಹೆಚ್ಚು ಕಾಲ ಬೇಕಿಲ್ಲ. ಹೀಗಾಗಿ ಷೇರು ಹಂಚಿಕೆಯ ಪಟ್ಟಿಯನ್ನು ಈಗಿನ ಸ್ಥಿತಿಗೆ ಮಾತ್ರವಲ್ಲದೆ, ಮುಂದೆ ಷೇರುಗಳಾಗಿ ಪರಿವರ್ತನೆಯಾಗುವ ಸಾಲಪತ್ರಗಳನ್ನೂ ಸೇರಿಸಿ, ಮೂರು ವರ್ಷಗಳ ಆಚೆಯವರೆಗೂ ಸಿದ್ಧಪಡಿಸಿ, ಹೂಡಿಕೆದಾರರ ಕರಾರಿಗೆ ಸಹಿ ಹಾಕುವ ಮೊದಲೇ ಲೆಕ್ಕಪರಿಶೋಧಕರಿಗೆ ತೋರಿಸಿ.

ಕಾರ್ಖಾನೆ ಕಟ್ಟುವವರಿಗೆ ನಿಯಮ ಬೇರೆ: 2022ರ ತಿದ್ದುಪಡಿಯಂತೆ ಯೋಜನಾ ವೆಚ್ಚದ ಅರ್ಧವನ್ನು ಕೇಂದ್ರ ಭರಿಸುತ್ತದೆ, ಆದರೆ ಪ್ರವರ್ತಕರು ತಮ್ಮ ಪಾಲಿನ ಹಣ ಹಾಕುತ್ತಾ ಹೋದಂತೆ, ಅದರ ಜೊತೆಜೊತೆಗೇ.

ಸಹಾಯಧನ ಪಡೆದ ನಂತರದ ನಿರ್ಬಂಧಗಳನ್ನೂ ಹುಡುಕಿ ಓದಬೇಕು. ಉದಾಹರಣೆಗೆ, ಅಮೆರಿಕದ 2022ರ ಚಿಪ್ಸ್ ಕಾಯ್ದೆಯಡಿ ನೆರವು ಪಡೆದ ಕಂಪನಿಯು ಹತ್ತು ವರ್ಷ ಚೀನಾದಂಥ ದೇಶಗಳಲ್ಲಿ ತನ್ನ ತಯಾರಿಕಾ ಸಾಮರ್ಥ್ಯವನ್ನು ಗಣನೀಯವಾಗಿ ವಿಸ್ತರಿಸುವಂತಿಲ್ಲ; ಮೀರಿದರೆ ಪೂರ್ತಿ ನೆರವನ್ನೇ ಹಿಂಪಡೆಯಬಹುದು. ನಿಮ್ಮ ಕರಾರಿನಲ್ಲಿ ಹಣ ವಾಪಸಾತಿಯ ಅಂಶ ಎಲ್ಲಿದೆ, ಯಾವ ತಪ್ಪಿಗೆ ಅನ್ವಯಿಸುತ್ತದೆ, ಬಡ್ಡಿ ಸೇರುತ್ತದೆಯೇ ಎಂಬುದನ್ನು ವಕೀಲರಿಂದ ಲಿಖಿತವಾಗಿಯೇ ಕೇಳಿ ಪಡೆಯಿರಿ.