ತೂಕದ ಪುಸ್ತಕದ ಪಕ್ಕ ಕುಳಿತು ಅಗತ್ಯಗಳನ್ನು ಬರೆದದ್ದು

ಕೊಡಗಿನ ಸಿದ್ದಾಪುರದ ಸಮೀಪದ ಕಾಫಿ ತೋಟವೊಂದಕ್ಕೆ ಕೊಯ್ಲಿನ ಲೆಕ್ಕದ ತಂತ್ರಾಂಶ ಮಾಡಿಕೊಡಲು ಒಪ್ಪಿಕೊಂಡಾಗ, ಮಾಲೀಕರು ಕೇಳಿದ್ದು ಒಂದೇ: ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು, ಬರೆಯುವ ತೂಕದ ಪುಸ್ತಕ ಮೊಬೈಲಿಗೆ ಬರಬೇಕು. ಆ ಮಾತನ್ನೇ ನಂಬಿ ಮಾಡಿದ ಮೊದಲ ಮಾದರಿಯನ್ನು ರೈಟರ್ ಎರಡು ದಿನ ಬಳಸಿ, ಮೂರನೆಯ ದಿನ ಪುಸ್ತಕಕ್ಕೇ ಮರಳಿದರು. ಆಮೇಲೆ ನಾನು ರೊಬಸ್ಟಾ ಕಾಫಿ ಕೊಯ್ಲಿನ ಹನ್ನೊಂದು ಸಂಜೆಗಳನ್ನು ತೂಕದ ಜಾಗದಲ್ಲೇ ಕಳೆದೆ.

ನೋಡಿದ್ದನ್ನು ಜೋಡಿಸಿಕೊಳ್ಳಲು ಚಟುವಟಿಕೆ ಸಿದ್ಧಾಂತವನ್ನು (activity theory) ಬಳಸಿದೆ; ಕೆಲಸವನ್ನು ಅದರ ಸಾಧನ, ಸುತ್ತಲಿನ ಜನರ ಜೊತೆಗಿಟ್ಟು ನೋಡುವ ಸಿದ್ಧಾಂತ ಅದು. ಕೆಲಸಗಾರ, ಸಾಧನ, ಗುರಿಯ ವಸ್ತು ಇವುಗಳ ಜೊತೆಗೆ ನಿಯಮ, ಸಮುದಾಯ, ಶ್ರಮವಿಭಜನೆಗಳನ್ನೂ ಒಂದೇ ತ್ರಿಕೋನದಲ್ಲಿಟ್ಟು ನೋಡುವ ಕ್ರಮವನ್ನು ಫಿನ್ಲೆಂಡಿನ ಸಂಶೋಧಕ ಎಂಗೆಸ್ಟ್ರಾಮ್ 1987ರಲ್ಲಿ ಮಂಡಿಸಿದರು. ಇವುಗಳ ನಡುವಿನ ವೈರುಧ್ಯಗಳಲ್ಲೇ ಬದಲಾವಣೆಯ ಬೀಜವಿದೆ ಎಂಬುದು ಅವರ ವಾದ. ನನ್ನ ಮೊದಲ ಮಾದರಿಯಲ್ಲಿ ಇದ್ದದ್ದು ರೈಟರ್ ಮತ್ತು ಪುಸ್ತಕ ಮಾತ್ರ.

ಚೀಲ ತಕ್ಕಡಿಗೆ ಏರುತ್ತಿದ್ದಂತೆ ರೈಟರ್ ಹೆಸರನ್ನೂ ಕಿಲೋವನ್ನೂ ಗಟ್ಟಿಯಾಗಿ ಕೂಗುತ್ತಿದ್ದರು. ಅದು ಬರಿಯ ಅಭ್ಯಾಸವೆಂದು ಮೊದಲೆರಡು ಸಂಜೆ ನಾನು ಟಿಪ್ಪಣಿಯಲ್ಲಿ ಬರೆಯಲೂ ಇಲ್ಲ. ಮೂರನೆಯ ಸಂಜೆ ಸಾಲಿನ ಹಿಂದಿನಿಂದ ಒಬ್ಬ ಹೆಂಗಸು, "ಅಣ್ಣಾ, ನನ್ನದು ಇನ್ನೊಂದ್ಸಲ ನೋಡಿ" ಎಂದಾಗಲೇ, ಕೊಯ್ದ ತೂಕಕ್ಕೆ ತಕ್ಕಂತೆ ಕೂಲಿ ಸಿಗುವಾಗ ಆ ಕೂಗೇ ಎಲ್ಲರ ಮುಂದಿನ ಸಾಕ್ಷಿ ಎಂದು ತಿಳಿಯಿತು. ನನ್ನ ಮೊಬೈಲ್ ಆ ಸಾಕ್ಷಿಯನ್ನು ಒಬ್ಬರ ಅಂಗೈಯೊಳಗೆ ಮುಚ್ಚಿಟ್ಟಿತ್ತು.

ಇನ್ನೊಂದು ವೈರುಧ್ಯ ಇನ್ನೂ ಆಳದ್ದು. ಕೊಯ್ದವರಿಗೆ ಬೇಕಾದದ್ದು ತಮ್ಮ ಹೆಸರಿನ ತೂಕ, ಮಾಲೀಕರಿಗೆ ಬೇಕಾದದ್ದು ತೋಟದ ಯಾವ ಬ್ಲಾಕಿನ (ಭಾಗದ) ಫಸಲು ಎಷ್ಟೆಂಬ ಲೆಕ್ಕ; ಎರಡನ್ನೂ ಹೊರುತ್ತಿದ್ದದ್ದು ಪುಸ್ತಕದ ಅದೇ ಒಂದು ಸಾಲು. ತೂಕಕ್ಕೆ ಮೊದಲು ಬ್ಲಾಕ್ ಆರಿಸಲೇಬೇಕೆಂದು ನಾನು ಕಡ್ಡಾಯ ಮಾಡಿದ್ದರಿಂದ, ಎರಡು ಬ್ಲಾಕಿನ ಹಣ್ಣು ಸೇರಿದ ಚೀಲ ಬಂದಾಗಲೆಲ್ಲ ಸಾಲು ನಿಲ್ಲುತ್ತಿತ್ತು, ಲೈನ್ ಮನೆಗೆ, ಅಂದರೆ ತೋಟದ ಕೆಲಸಗಾರರ ಸಾಲುಮನೆಗೆ, ಹೋಗಬೇಕಾದವರು ಕತ್ತಲಲ್ಲಿ ಕಾಯುತ್ತಿದ್ದರು.

ತಂತ್ರಾಂಶದ ಹೊಸ ಅಗತ್ಯಗಳು ಇಲ್ಲಿಂದ ಹುಟ್ಟಿದವು: ಹೆಸರು, ತೂಕ ಮೊದಲು, ಬ್ಲಾಕ್ ಆಮೇಲೆ; ಮೊಬೈಲ್ ತೂಕವನ್ನು ಗಟ್ಟಿಯಾಗಿ ಹೇಳಬೇಕು; ತಿದ್ದಿದರೆ, ರೈಟರ್ ಪುಸ್ತಕದಲ್ಲಿ ಗೀಟು ಎಳೆದಂತೆಯೇ, ಹಳೆಯ ಅಂಕಿಯೂ ಕಾಣಬೇಕು; ನೆಟ್‌ವರ್ಕ್ ಇಲ್ಲದೆಯೂ ನಡೆಯಬೇಕು. ಹಸಿರು ಕಾಯಿ, ಎಲೆ ಬೆರೆತ ಚೀಲಕ್ಕೆ ಎಷ್ಟು ಕಳೆಯಬೇಕೆಂಬ ಮಾತುಕತೆಯನ್ನು ಮಾತ್ರ ನಾನು ತಂತ್ರಾಂಶಕ್ಕೆ ತರಲಿಲ್ಲ. ಅದು ಈಗಲೂ ರೈಟರ್ ಮತ್ತು ಕೊಯ್ದವರ ನಡುವೆಯೇ ತೀರ್ಮಾನವಾಗುತ್ತದೆ, ಒಪ್ಪಿದ ಅಂಕಿಯಷ್ಟೇ ಮೊಬೈಲಿಗೆ ಬರುತ್ತದೆ.