ಅಂಕಿಗಳಾಗಿ ಕೂತ ಕನ್ನಡವನ್ನು ಮತ್ತೆ ಅಕ್ಷರಕ್ಕೆ ತರುವುದು

ಹೋಂಸ್ಟೇಯ ಹಳೆಯ ಜಾಲತಾಣದಿಂದ ಇಳಿಸಿಕೊಂಡ ದರಪಟ್ಟಿಯಲ್ಲಿ ‘ಕೊಡಗು’ ಇರಬೇಕಾದ ಕಡೆ &#3221;&#3274;&#3233;&#3223;&#3265; ಎಂದು ಕಂಡರೆ ಗಾಬರಿ ಬೇಡ, ಅಕ್ಷರ ಹಾಳಾಗಿಲ್ಲ. ಆ್ಯಂಪರ್ಸಂಡ್ (&), ಹ್ಯಾಶ್ (#), ಅಕ್ಷರದ ಯೂನಿಕೋಡ್ ಸಂಖ್ಯೆ (ಲಿಪಿಗಳ ಪ್ರತಿ ಅಕ್ಷರಕ್ಕೂ ಗೊತ್ತುಮಾಡಿದ ಸಂಖ್ಯೆ), ಕೊನೆಗೆ ಸೆಮಿಕೋಲನ್: ಜಾಲಪುಟದ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಅಕ್ಷರವನ್ನು ಸಂಕೇತವಾಗಿ ಬರೆಯುವ ‘ಎಂಟಿಟಿ’ಯ ಒಂದು ರೂಪ ಇದು. ಕನ್ನಡ ಲಿಪಿಗೆ ಮೀಸಲಾದದ್ದು 3200ರಿಂದ 3327. ಕೊಡವ ತಕ್ಕ್, ಅರೆಭಾಷೆಯನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದರೂ ಇವೇ ಸಂಖ್ಯೆಗಳು. ಹ್ಯಾಶಿನ ಪಕ್ಕ ಎಕ್ಸ್ ಇದ್ದರೆ ಮುಂದಿನದು ಹದಿನಾರರ ಮೂಲದ ಸಂಖ್ಯೆ.

ಆ್ಯಂಪರ್ಸಂಡ್, ಹ್ಯಾಶ್ ಯಾವುದೂ ಇಲ್ಲದೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಅದು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟಿನ ಪಠ್ಯವಿರಬಹುದು. ಅದಕ್ಕೆ ಬೇಕಾದದ್ದು ಯೂನಿಕೋಡ್ ಪರಿವರ್ತಕ, ಕೆಳಗಿನ ವಿಧಾನವಲ್ಲ.

ಸುಲಭದ ದಾರಿ ಬ್ರೌಸರ್. ಮಳೆಗಾಲದಲ್ಲಿ ಮಡಿಕೇರಿಯ ಕಡೆ ನೆಟ್‌ವರ್ಕ್ ಹೋದರೂ ಇದು ನಡೆಯುತ್ತದೆ. ಪಠ್ಯವನ್ನು ನೋಟ್‌ಪ್ಯಾಡ್‌ಗೆ ಅಂಟಿಸಿ, ಮೊದಲ ಸಾಲಿನಲ್ಲಿ ಪ್ರಿ ಟ್ಯಾಗ್ (<pre>) ಹಾಕಿ. ಇಲ್ಲವಾದರೆ ಸಾಲುಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸೇವ್ ಆ್ಯಸ್‌ನಲ್ಲಿ ‘ಆಲ್ ಫೈಲ್ಸ್’ ಆರಿಸಿ, ಹೆಸರಿನ ಕೊನೆಗೆ ಡಾಟ್ ಎಚ್‌ಟಿಎಂಎಲ್ ಸೇರಿಸಿ, ಎನ್‌ಕೋಡಿಂಗ್ ‘ಯುಟಿಎಫ್-8 ವಿತ್ ಬಿಒಎಂ’ ಇಡಿ. ತೆರೆದಾಗ ಕನ್ನಡ ಕಾಣುತ್ತದೆ, ನಕಲಿಸಿಕೊಳ್ಳಿ. ಗುರುತಿಲ್ಲದವರು ಕಳಿಸಿದ ಪಠ್ಯವನ್ನು ಮಾತ್ರ ಹೀಗೆ ತೆರೆಯಲೇಬೇಡಿ. ಒಳಗೆ ಸ್ಕ್ರಿಪ್ಟ್ (ತಾನೇ ಓಡುವ ಪ್ರೋಗ್ರಾಂ ಸಾಲುಗಳು) ಇದ್ದರೆ ಅದೂ ಓಡುತ್ತದೆ.

ಸಾವಿರಾರು ಸಾಲುಗಳಿದ್ದರೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ 3.4ರಿಂದ ಈಚೆಗಿನ ಆವೃತ್ತಿಗಳಲ್ಲಿರುವ ಎಚ್‌ಟಿಎಂಎಲ್ ಮಾಡ್ಯೂಲಿನ ಅನ್‌ಎಸ್ಕೇಪ್ ಫಂಕ್ಷನ್ ಸಾಕು. ಒಂದೇ ಅಕ್ಷರ ತಾಳೆ ನೋಡಲು ಎಕ್ಸೆಲ್‌ನ ಯೂನಿಚಾರ್‌ಗೆ 3221 ಕೊಟ್ಟರೆ ‘ಕ’ ಬರುತ್ತದೆ.

ಬಿಡಿಸಿದ ಮೇಲೂ &#3221; ಎಂದೇ ಉಳಿದರೆ ಮೂಲದಲ್ಲಿ &#38;#3221; ಇದೆ (38 ಎಂಬುದು ಆ್ಯಂಪರ್ಸಂಡ್‌ನದೇ ಸಂಖ್ಯೆ), ಅಂದರೆ ಎರಡು ಸಲ ಎನ್‌ಕೋಡ್ ಆಗಿದೆ. ಇನ್ನೊಮ್ಮೆ ಬಿಡಿಸಿ. ಫೈಂಡ್-ರಿಪ್ಲೇಸ್‌ನಲ್ಲಿ ಕೈಯಾರೆ ಮಾಡುವವರು &#38; ಅನ್ನು ಕೊನೆಗೆ ಬದಲಿಸಬೇಕು; ಮೊದಲೇ ಬದಲಿಸಿದರೆ, ಬಿಡಿಸದೆ ಉಳಿಯಬೇಕಾದದ್ದೂ ಬಿಚ್ಚಿಕೊಳ್ಳುತ್ತದೆ.

ದರಪಟ್ಟಿಯಲ್ಲಿ ನಿಜವಾಗಿ ಕಾಡುವುದು ಬಿಟ್ಟುಹೋದ ಸೆಮಿಕೋಲನ್. &#8377;2500 ಎಂದಿದ್ದರೆ ₹2500. ಸೆಮಿಕೋಲನ್ ಬಿದ್ದು &#83772500 ಆದರೆ ಎಲ್ಲ ಅಂಕಿಗಳೂ ಒಂದೇ ಸಂಖ್ಯೆಯಾಗಿ ಯೂನಿಕೋಡಿನ ಮಿತಿ 1114111 ದಾಟುತ್ತದೆ. ಆಗ ರೂಪಾಯಿ ಚಿಹ್ನೆಯ ಜೊತೆ ಬೆಲೆಯೂ ಮಾಯವಾಗಿ � ಉಳಿಯುತ್ತದೆ. ಬಿಡಿಸುವ ಮೊದಲೇ &#8377 ಹುಡುಕಿ, ಸೆಮಿಕೋಲನ್ ಇಲ್ಲದ ಕಡೆ ಸೇರಿಸಿ. ಮೂಲ ಕಡತದ ಪ್ರತಿಯನ್ನು ಬೇರೆ ತೆಗೆದಿಡಿ.

ಕೆಲವು ಕಡತಗಳಲ್ಲಿ ‘ಕೊ’ದ ಒತ್ವ 3274 ಆಗಿರದೆ 3270, 3266 ಎಂದು ಎರಡಾಗಿ ಬಂದಿರುತ್ತದೆ. ಕಣ್ಣಿಗೆ ಒಂದೇ, ಹುಡುಕಿದರೆ ಸಿಗದೆ ಹೋಗಬಹುದು. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ಎನ್‌ಎಫ್‌ಸಿ ಎಂಬ, ಬಿಡಿ ಗುರುತುಗಳನ್ನು ಜೋಡಿಸಿದ ರೂಪಕ್ಕೆ ತಂದರೆ ಎರಡೂ ಒಂದಾಗುತ್ತವೆ.