ಕೆಂಡದ ಮೇಲೆ ಮೀನು: ನಾನು ಮಾಡುವ ಬಗೆ

ಗ್ರಿಲ್‌ಗೆ ಮೀನು ಅಂಟುತ್ತೆ ಅಂತ ಜನ ಎಣ್ಣೆ ಸುರಿಯುತ್ತಾರೆ. ನಾನು ಎಣ್ಣೆಗಿಂತ ಬಟ್ಟೆಯನ್ನೇ ನಂಬುವವನು. ತೊಳೆದ ಬಂಗುಡೆಯನ್ನು ಒತ್ತಿ ಒತ್ತಿ ಒರೆಸುತ್ತೇನೆ, ಹೊಟ್ಟೆಯ ಒಳಗೂ. ಚರ್ಮದ ಮೇಲೆ ನೀರಿದ್ದರೆ ಅದು ಆವಿಯಾಗುವ ತನಕ ಅಲ್ಲಿನ ಬಿಸಿ 100 ಡಿಗ್ರಿ ದಾಟುವುದಿಲ್ಲ. ಕೆಂಪಗೆ ಗರಿಗರಿಯಾಗಲು 140ರ ಆಸುಪಾಸಾದರೂ ಬೇಕು. ಕಂಬಿ ಚೆನ್ನಾಗಿ ಕಾದ ಮೇಲೆ ಮೀನು ಇಟ್ಟು, ಕೈ ಕಟ್ಟಿ ನಿಲ್ಲುತ್ತೇನೆ. ಅಡಿಭಾಗ ಗರಿಯಾದರೆ ಅದಾಗಿಯೇ ಬಿಟ್ಟುಕೊಳ್ಳುತ್ತದೆ. ಎಳೆದಾಡಿದರೆ ಚರ್ಮ ಕಂಬಿಗೆ, ಮಾಂಸ ತಟ್ಟೆಗೆ!

ಬಂಗುಡೆ, ಬೂತಾಯಿಯಂಥ ಮೀನಿನ ಮೈಯಲ್ಲೇ ಕೊಬ್ಬಿದೆ, ಒಮೆಗಾ-3 ಎಂಬ ಒಳ್ಳೆಯ ಕೊಬ್ಬಿನಂಶ ಇರುವುದೂ ಅದರಲ್ಲೇ. ಆದರೆ ಆ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿದರೆ ಎದ್ದ ಹೊಗೆ ಮೀನಿಗೇ ಮೆತ್ತಿಕೊಳ್ಳುತ್ತದೆ. ಆ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಒಳ್ಳೆಯವಲ್ಲ. ಹಾಗಾಗಿ ಕೆಂಡವನ್ನು ಒಂದು ಬದಿಗೆ ತಳ್ಳಿ, ಮೀನನ್ನು ಇನ್ನೊಂದು ಬದಿಯಲ್ಲಿ ಬೇಯಿಸುತ್ತೇನೆ. ಕರಕಲಾದ ಭಾಗವನ್ನು ಕಿತ್ತು ಬಿಸಾಡುತ್ತೇನೆ, ಎಷ್ಟೇ ರುಚಿ ಇದ್ದರೂ.

ಮಸಾಲೆಗೆ ನಿಂಬೆರಸ ಮೊದಲೇ ಹಾಕುವುದಿಲ್ಲ. ಹುಳಿಯಲ್ಲಿ ತುಂಬಾ ಹೊತ್ತು ನೆನೆದರೆ ಮಾಂಸ ಬೆಂಕಿ ಕಾಣುವ ಮೊದಲೇ ಬಿಳಿಚಿಕೊಂಡು ಗಟ್ಟಿಯಾಗುತ್ತದೆ. ನಿಂಬೆ ಏನಿದ್ದರೂ ತಟ್ಟೆಗೆ ಬಂದ ಮೇಲೆ.

ಸಿಗಡಿಗೆ ಕಣ್ಣು ಅತ್ತಿತ್ತ ಹೋಗಬಾರದು. ಸ್ವಲ್ಪ ಬಾಗಿ, ಪಾರದರ್ಶಕ ಬಣ್ಣ ಹೋದರೆ ಸಾಕು. ಪೂರ್ತಿ ಸುರುಳಿ ಸುತ್ತಿಕೊಂಡರೆ ಜಾಸ್ತಿ ಬೆಂದಿದೆ ಅಂತಲೇ ಲೆಕ್ಕ. ಬೊಂಡಾಸಕ್ಕೆ (ಸ್ಕ್ವಿಡ್) ಜೋರು ಬೆಂಕಿ, ಒಂದೆರಡು ನಿಮಿಷ. ದಪ್ಪ ತುಂಡಿನ ಮೀನಿಗೆ ಮಾತ್ರ ಥರ್ಮಾಮೀಟರ್ ಚುಚ್ಚುತ್ತೇನೆ. ನಡುವೆ 63 ಡಿಗ್ರಿ ಬಂದರೆ ಇಳಿಸುವುದೇ.

ಗ್ರಿಲ್ ಮಾಡಿದರೆ ಪ್ರೋಟೀನ್ ಹೆಚ್ಚುತ್ತೆ ಅಂತ ಕೆಲವರು ಹೇಳುತ್ತಾರೆ. ಎಲ್ಲಿಂದ ಹೆಚ್ಚುತ್ತೆ ಹೇಳಿ? 100 ಗ್ರಾಂ ಹಸಿ ಸಿಗಡಿಯಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇರುತ್ತದೆ. ಬೆಂದಾಗ ನೀರು ಹೋಗಿ ತೂಕ ಇಳಿಯುತ್ತದೆ. ಬೆಂದದ್ದನ್ನೇ 100 ಗ್ರಾಂ ತೂಗಿದರೆ ಅಂಕಿ ಏರಿದಂತೆ ಕಾಣುತ್ತದೆ, ಅಷ್ಟೇ. ಸಿಗಡಿಯಲ್ಲಿ ಕೊಲೆಸ್ಟ್ರಾಲ್ ಇರುವುದು ನಿಜ, ಆದರೆ ಕೊಬ್ಬು ತೀರಾ ಕಡಿಮೆ. ಬಿ12, ಸೆಲೆನಿಯಂ ಚೆನ್ನಾಗಿ ಸಿಗುತ್ತವೆ.

ಈ ಲೆಕ್ಕವನ್ನೆಲ್ಲ ಕೆಡಿಸುವುದು ಕೊನೆಗೆ ಸವರುವ ಬೆಣ್ಣೆ. ಒಂದು ದೊಡ್ಡ ಚಮಚ ಬೆಣ್ಣೆಯಲ್ಲಿ ಸುಮಾರು 100 ಕ್ಯಾಲೊರಿ, ಅಂದರೆ 100 ಗ್ರಾಂ ಸಿಗಡಿಯಲ್ಲಿ ಇರುವಷ್ಟೇ. ನಾನು ಬೆಣ್ಣೆಯ ಬದಲು ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸು, ಒಂದಿಷ್ಟು ಕೊತ್ತಂಬರಿ ಹಾಕಿ ಬಿಸಿ ಇರುವಾಗಲೇ ಬಡಿಸುತ್ತೇನೆ.